ನಿಮಗಿದು ಗೊತ್ತೆ? 21 ದಿನ ಬಾರದ ಪೆಟ್ಟಿಗೆ ‘ಕಳೆದುಹೋದಂತೆ’

ಬೆಲ್ಟ್ ಸುತ್ತಿ ಸುತ್ತಿ ನಿಂತೇ ಹೋಯಿತು, ನಿಮ್ಮ ಸೂಟ್‌ಕೇಸ್ ಮಾತ್ರ ಬರಲಿಲ್ಲ. ಹೊರಗೆ ಮಗಳು ಕಾಯುತ್ತಿದ್ದಾಳೆಂದು ಓಡಬೇಡಿ. ಬ್ಯಾಗೇಜ್ ಕೌಂಟರಿನಲ್ಲಿ ‘ಪಿಐಆರ್’ ಎಂಬ ದೂರು ಬರೆಸಿ, ಪ್ರತಿ ಇಸಿದುಕೊಂಡೇ ಹೊರಡಿ. ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಚೀಟಿ ಎಸೆದಿಲ್ಲ ತಾನೆ? ಅದರ ಹತ್ತು ಅಂಕಿಗಳಲ್ಲಿ ಎರಡರಿಂದ ನಾಲ್ಕನೆಯವು ವಿಮಾನ ಕಂಪನಿಯ ಸಂಕೇತ, ಕೊನೆಯ ಆರು ನಿಮ್ಮ ಪೆಟ್ಟಿಗೆಯ ಗುರುತು.

ಅಂತರರಾಷ್ಟ್ರೀಯ ವಿಮಾನಯಾನ ಕುರಿತ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ ಪ್ರಕಾರ, ತಲುಪಬೇಕಿದ್ದ ದಿನದಿಂದ 21 ದಿನವಾದರೂ ಬಾರದ ಸಾಮಾನಿಗೆ ಕಳೆದುಹೋದದ್ದೆಂದೇ ಪರಿಹಾರ ಕೇಳಬಹುದು. 2024ರ ಡಿಸೆಂಬರ್ 28ರಿಂದ ಒಪ್ಪಂದದ ಮಿತಿ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ). ಅದು ಗರಿಷ್ಠ ಮಿತಿ. ಕೇಳಿದವರಿಗೆಲ್ಲ ಅಷ್ಟೂ ಸಿಗದು. ಹಾಗಾಗಿ ನಡುವೆ ಕೊಂಡ ಅಂಗಿ, ಟೂತ್‌ಬ್ರಷ್‌ನ ರಸೀದಿಯನ್ನೂ ಜೋಪಾನ ಮಾಡಿ. ತಡವಾಗಿ ಕೈಸೇರಿದರೆ ಲಿಖಿತ ದೂರಿಗೆ 21 ದಿನ ಉಂಟು, ಒಡೆದು ಬಂದರೆ ಏಳೇ ದಿನ!

ವಾರಸುದಾರರೇ ಸಿಗದಿದ್ದರೆ? ಅಮೆರಿಕದ ಅಲಬಾಮಾದಲ್ಲಿ ಸ್ಕಾಟ್ಸ್‌ಬರೊ ಎಂಬ ಊರಿದೆ. 1970ರಲ್ಲಿ ಶುರುವಾದ ಅಲ್ಲಿನ ಅಂಗಡಿಯೊಂದು ಅನಾಥ ಪೆಟ್ಟಿಗೆಗಳನ್ನು ವಿಮಾನ ಕಂಪನಿಗಳಿಂದ ಕೊಂಡು, ಒಳಗಿನ ಕೋಟು, ಕ್ಯಾಮೆರಾಗಳನ್ನು ಮಾರುತ್ತದೆ.