ನಮ್ಮ ಹಿತ್ತಲಿಗೆ ಯಾವ ಮಲ್ಲಿಗೆ?

ಇಂಗ್ಲಿಷಿನ ತೋಟಗಾರಿಕೆಯ ಪುಸ್ತಕಗಳನ್ನು ತೆರೆದರೆ ಥಾಲಿಕ್ಟ್ರಂ ಎಂಬ ಗಿಡದ ಜಾತಿಗಳನ್ನೂ ತಳಿಗಳನ್ನೂ ವಿವರವಾಗಿ ವರ್ಣಿಸಿರುವುದು ಕಾಣುತ್ತದೆ. ಅದರ ಹೂವಿಗೆ ದಳಗಳೇ ಇಲ್ಲ. ಕೇಸರಗಳ ಕುಚ್ಚೇ ಹೂವಿನ ಶೋಭೆ. ಚೆಲುವಾದ ಗಿಡವೇನೋ ಹೌದು. ಆದರೆ ಅದು ತಂಪು ಸೀಮೆಯ, ಸದಾ ತೇವವಿರುವ ನೆಲದ ಗಿಡ. ನಮ್ಮ ನಾಡಿನಲ್ಲಿ ಅದರ ಕುಲಕ್ಕೆ ಸೇರಿದ ಕಾಡುಗಿಡಗಳನ್ನು ನೋಡಬೇಕೆಂದರೆ ಪಶ್ಚಿಮ ಘಟ್ಟದ ಎತ್ತರದ ತಂಪು ಜಾಗಗಳಿಗೆ ಹೋಗಬೇಕು. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ರಾಯಚೂರು ಸೀಮೆಯಲ್ಲಿ, ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುವಲ್ಲಿ, ಅದು ಒಂದು ಬೇಸಿಗೆಯನ್ನೂ ಕಳೆಯಲಾರದು. ಆದ್ದರಿಂದ ಆ ಪುಸ್ತಕಗಳಿಂದ ನಾವು ಕಲಿಯತಕ್ಕದ್ದು ಗಿಡವನ್ನಲ್ಲ, ಕ್ರಮವನ್ನು. ಎಂದರೆ ಹೆಸರನ್ನು ನಂಬಿ ಗಿಡ ಕೊಳ್ಳದೆ, ಜಾತಿ ಯಾವುದು, ತಳಿ ಯಾವುದು ಎಂದು ಅರಿತು ನಮ್ಮ ನೆಲಕ್ಕೆ ಒಗ್ಗುವುದನ್ನು ಆರಿಸುವ ಕ್ರಮವನ್ನು. ಆ ಕ್ರಮವನ್ನು ನಾನು ನಮ್ಮ ಮಲ್ಲಿಗೆಗೆ ಅನ್ವಯಿಸಿ ನೋಡಬಯಸುತ್ತೇನೆ.

ಮಲ್ಲಿಗೆಯ ವಿಷಯದಲ್ಲಿ ಹೇಳುವುದಕ್ಕೇನಿದೆ, ಅದು ಎಲ್ಲರಿಗೂ ತಿಳಿದ ಹೂವಲ್ಲವೇ ಎಂದು ವಾಚಕ ಮಿತ್ರರು ಕೇಳಬಹುದು. ತೊಡಕು ಇರುವುದೇ ಅಲ್ಲಿ. ‘ಮಲ್ಲಿಗೆ’ ಎಂಬ ಒಂದೇ ಹೆಸರಿನಡಿಯಲ್ಲಿ ನಾವು ನಾಲ್ಕಾರು ಬೇರೆ ಬೇರೆ ಜಾತಿಗಳನ್ನು ಕೂಡಿಸಿಬಿಟ್ಟಿದ್ದೇವೆ. ಅಷ್ಟೇ ಅಲ್ಲ, ಮಲ್ಲಿಗೆಯೇ ಅಲ್ಲದವೂ ಆ ಹೆಸರನ್ನು ಹೊತ್ತಿವೆ. ಮನೆಯ ಮುಂದೆ ಸಾಯಂಕಾಲ ಅರಳುವ ಸಂಜೆಮಲ್ಲಿಗೆಯಾಗಲಿ, ಸಾಲುಮರವಾಗಿ ಬೆಳೆಯುವ ಆಕಾಶಮಲ್ಲಿಗೆಯಾಗಲಿ ಮಲ್ಲಿಗೆಯ ಕುಲಕ್ಕೆ ಸೇರಿದವಲ್ಲ. ನಿಜವಾದ ಮಲ್ಲಿಗೆಗಳ ಕುಲಕ್ಕೆ ಜಾಸ್ಮಿನಂ ಎಂದು ಹೆಸರು. ಅದರಲ್ಲಿ ಸುಮಾರು 200 ಜಾತಿಗಳಿವೆ. ಆಲಿವ್ ಮರವೂ ಇದೇ ಕುಟುಂಬದ್ದು. ‘ಜಾಸ್ಮಿನ್’ ಎಂಬ ಮಾತು ಪಾರಸಿಯ ‘ಯಾಸ್ಮೀನ್’ ಎಂಬುದರಿಂದ ಬಂದದ್ದು. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ನಮ್ಮ ಊರುಗಳಲ್ಲಿ ಒಬ್ಬರು ಮಲ್ಲಿಗೆ ಎಂದರೆ ಇನ್ನೊಬ್ಬರು ಮಲ್ಲೆ ಎನ್ನುತ್ತಾರೆ, ಮತ್ತೊಬ್ಬರು ಮೋಗ್ರಾ ಎನ್ನುತ್ತಾರೆ. ಜಾಜಿಗೆ ಚಮೇಲಿ ಎಂಬ ಹೆಸರೂ ಉಂಟು. ಸಂತೆಯಲ್ಲಿ ಸಸಿ ಮಾರುವವನು ಯಾವುದನ್ನು ಯಾವ ಹೆಸರಿನಲ್ಲಿ ಕೊಟ್ಟರೂ ನಾವು ತರುತ್ತೇವೆ. ಕೊಡಗಟ್ಟಲೆ ನೀರು ಹೊತ್ತು ಎರಡು ವರ್ಷ ಸಾಕಿದ ಮೇಲೆ ವಾಸನೆಯಿಲ್ಲದ ಹೂ ಬಿಟ್ಟರೆ, ಹೋದದ್ದು ಸಸಿಯ ಬೆಲೆಯಲ್ಲ. ಬೇಸಿಗೆಯಲ್ಲಿ ಹೊತ್ತ ನೀರು. ಆ ನೀರನ್ನು ಹೊರುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು.

ಹೂ ಬಿಡುವವರೆಗೆ ಕಾಯದೆ ಜಾತಿಯನ್ನು ತಿಳಿಯುವ ಉಪಾಯವೊಂದಿದೆ: ಎಲೆಯನ್ನು ನೋಡುವುದು.

ಎಲೆ ಒಂಟಿಯಾಗಿ, ಅಗಲವಾಗಿ, ನುಣುಪಾಗಿ, ಒಂದಕ್ಕೊಂದು ಎದುರಾಗಿ ಇದ್ದರೆ ಅದು ದುಂಡುಮಲ್ಲಿಗೆ. ಎಲೆ ಒಂಟಿಯೇ ಆಗಿದ್ದು, ಎಲೆಯ ಮೇಲೂ ಎಳೆಯ ಕಡ್ಡಿಯ ಮೇಲೂ ನವಿರಾದ ರೋಮಗಳಿದ್ದರೆ ಅದು ಕಾಕಡ. ಒಂದು ದೊಡ್ಡ ಎಲೆಯ ಬುಡದಲ್ಲಿ ಎರಡು ಪುಟ್ಟ ಎಲೆಗಳು ಕಿವಿಗಳಂತೆ ಅಂಟಿಕೊಂಡಿದ್ದರೆ ಅದು ಸೂಜಿಮಲ್ಲಿಗೆ. ಈ ಕಿವಿಗಳು ಕೆಲವು ಎಲೆಗಳಲ್ಲಿ ಇಲ್ಲದಿರುವುದೂ ಉಂಟು, ಆದುದರಿಂದ ನಾಲ್ಕಾರು ಎಲೆಗಳನ್ನು ನೋಡಬೇಕು. ಒಂದೇ ದೇಟಿನಲ್ಲಿ ಐದರಿಂದ ಒಂಬತ್ತು ಕಿರಿಯೆಲೆಗಳು ಗರಿಯಂತೆ ಜೋಡಿಸಿಕೊಂಡಿದ್ದರೆ ಅದು ಜಾಜಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಸಿ ಮಾರುವವನ ಮಾತನ್ನು ಅವಲಂಬಿಸಬೇಕಾಗಿಲ್ಲ. ಇನ್ನು ಒಂದೊಂದರ ಗುಣವನ್ನು ನೋಡೋಣ.

ದುಂಡುಮಲ್ಲಿಗೆ: ಇದರ ಶಾಸ್ತ್ರೀಯ ಹೆಸರು ಜಾಸ್ಮಿನಂ ಸಂಬಾಕ್. ಲಿನೇಯಸನು 1753ರಲ್ಲಿ ಇದನ್ನು ಪಾರಿಜಾತದ ಕುಲದಲ್ಲಿ ಸೇರಿಸಿದ್ದನು. 1789ರಲ್ಲಿ ಏಟನ್ ಎಂಬ ಸಸ್ಯಶಾಸ್ತ್ರಜ್ಞನು ಮಲ್ಲಿಗೆಯ ಕುಲಕ್ಕೆ ತಂದನು. ಇದು ಬೀಜ ಕಟ್ಟುವುದು ತೀರ ಅಪರೂಪ. ಕಡ್ಡಿ ನೆಟ್ಟೋ, ಕೊಂಬೆಯನ್ನು ಬಾಗಿಸಿ ಮಣ್ಣಿನಲ್ಲಿ ಹೂಳಿ ಬೇರು ಬರಿಸಿಯೋ ಬೆಳೆಸಬೇಕು. ಇದರಲ್ಲಿಯೇ ತಳಿಗಳು ಅನೇಕ. ಒಂದೇ ಸುತ್ತು ದಳದ್ದು, ಎರಡು ಸುತ್ತಿನದು, ಏಳುಸುತ್ತಿನದೆಂದು ಕರೆಯುವ ಬಹುದಳದ್ದು ಎಂದು ದಳಗಳಿಂದಲೇ ಇವನ್ನು ಗುರುತಿಸುತ್ತಾರೆ. ‘ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ’ ಎಂಬ ತಳಿಯ ಹೂವಂತೂ ಪುಟ್ಟ ಗುಲಾಬಿಯಂತೆ ತೋರುತ್ತದೆ. ಮಾಲೆ ಕಟ್ಟುವುದಕ್ಕೆ ಮಾತ್ರ ದಳ ಕಡಿಮೆಯಿರುವ, ಮೊಗ್ಗು ನೀಳವಾಗಿರುವ ತಳಿಗಳೇ ಅನುಕೂಲ. ಉಡುಪಿ ಜಿಲ್ಲೆಯ ಶಂಕರಪುರದ ಪ್ರಸಿದ್ಧ ಮಲ್ಲಿಗೆಯೂ ಈ ಜಾತಿಯದೇ. ಅಲ್ಲಿ ಹೂವನ್ನು ಎಣಿಸಿ ಮಾರುತ್ತಾರೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಫಿಲಿಪ್ಪೀನ್ಸ್ ದೇಶವು 1934ರಲ್ಲಿ ತನ್ನ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡದ್ದೂ ಇದನ್ನೇ. ಚೀನದವರು ಚಹಕ್ಕೆ ಪರಿಮಳ ಕೂಡಿಸುವುದೂ ಇದರಿಂದಲೇ. ಮಾರ್ಚ್‌ನಿಂದ ಜೂನ್‌ವರೆಗೆ ಇದರ ಸುಗ್ಗಿ. ಅಂದರೆ ನಮ್ಮಲ್ಲಿ ಬೇರೆ ಹೂಗಳು ಬಾಡುವ ಕಾಲದಲ್ಲಿಯೇ ಇದು ಅರಳುತ್ತದೆ.

ಸೂಜಿಮಲ್ಲಿಗೆ: ಶಾಸ್ತ್ರೀಯ ಹೆಸರು ಜಾಸ್ಮಿನಂ ಆರಿಕ್ಯುಲೇಟಂ, ಲ್ಯಾಟಿನ್ನಿನಲ್ಲಿ ‘ಕಿವಿಯುಳ್ಳದ್ದು’ ಎಂದರ್ಥ. ತಮಿಳರ ಮುಲ್ಲೈ ಇದೇ. ಹೂ ಸಣ್ಣದು, ಪರಿಮಳ ಮಾತ್ರ ಸಣ್ಣದಲ್ಲ. ಹೂವಿನ ಹಡಗಲಿಯ ಮಲ್ಲಿಗೆ ಈ ಜಾತಿಯದು. ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹಂಪೆಗೆ ಹೂ ಹೋಗುತ್ತಿತ್ತೆಂದು ಪ್ರತೀತಿ. ಊರಿನ ಹೆಸರಿಗೇ ಹೂ ಅಂಟಿಕೊಂಡಿದೆ. ಹಡಗಲಿ, ಉಡುಪಿ, ಮೈಸೂರು ಈ ಮೂರು ಊರುಗಳ ಮಲ್ಲಿಗೆಗಳಿಗೂ 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಪ್ರಕಾರ ಮಾನ್ಯತೆ ದೊರೆತಿದೆ. ಮೈಸೂರು ಮಲ್ಲಿಗೆಯನ್ನು 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ಕವನ ಸಂಗ್ರಹದ ಹೆಸರಾಗಿ ನಮ್ಮಲ್ಲಿ ಎಲ್ಲರೂ ಬಲ್ಲರು. ಗಿಡವಾಗಿ ಕಂಡವರು ಕಡಿಮೆ. ನಮಗೆ ಮುಖ್ಯವಾದದ್ದು ಹಡಗಲಿ. ಅದು ನಮ್ಮಂತೆಯೇ ತುಂಗಭದ್ರೆಯ ನೀರಿನ, ಬಿಸಿಲಿನ ಸೀಮೆ. ಅಲ್ಲಿ ನೆಲೆಯೂರಿದ ಗಿಡ ನಮ್ಮಲ್ಲಿಯೂ ನಿಲ್ಲುವುದೆಂದು ಧೈರ್ಯವಾಗಿ ನೆಡಬಹುದು.

ಜಾಜಿ: ಜಾಸ್ಮಿನಂ ಗ್ರಾಂಡಿಫ್ಲೋರಂ. ಬಿಳಿಯ ಹೂವು, ಮೊಗ್ಗಿನ ಹೊರಮೈಗೆ ನಸುಗೆಂಪು ಛಾಯೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧದ ಉದ್ಯಮಕ್ಕೆ ಹೆಸರು ತಂದ ಹೂಗಳಲ್ಲಿ ಇದೂ ಒಂದು. ಒಂದು ಕಿಲೋ ತೂಗಬೇಕಾದರೆ ಸುಮಾರು 8,000ದಿಂದ 10,000 ಹೂ ಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಸುರಭಿ’ ಎಂಬ ತಳಿಯನ್ನು ಬಿಡುಗಡೆ ಮಾಡಿದ್ದಾರೆ. ಮಳೆಗಾಲದಿಂದ ನವೆಂಬರ್‌ವರೆಗೆ ಹೂ ಬಿಡುತ್ತದೆ. ಹಬ್ಬುವ ಗಿಡವಾದುದರಿಂದ ಆಸರೆ ಕೊಡುವುದು ಒಳ್ಳೆಯದು.

ಕಾಕಡ: ಜಾಸ್ಮಿನಂ ಮಲ್ಟಿಫ್ಲೋರಂ. ಇದಕ್ಕೆ ಪರಿಮಳ ಇಲ್ಲವೆಂದೇ ಹೇಳಬೇಕು. ಆದರೂ ಇದನ್ನು ಹಳಿಯಬಾರದು. ಉಳಿದ ಮಲ್ಲಿಗೆಗಳು ವಿರಮಿಸುವ ಚಳಿಗಾಲದಲ್ಲಿ ಇದು ನಕ್ಷತ್ರದಂಥ ಹೂಗಳಿಂದ ತುಂಬುತ್ತದೆ; ನೀರಿನ ಕೊರತೆಯನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಕಾಕಡವೆಂದು ತಿಳಿದು ತಂದರೆ ಲಾಭ. ಮಲ್ಲಿಗೆಯೆಂದು ನಂಬಿ ತಂದರೆ ನಿರಾಶೆ.

ಇವು ಸಾಯಂಕಾಲವೇ ಏಕೆ ಅರಳಬೇಕು? ಬಿಳಿಯ ಬಣ್ಣ, ನೀಳವಾದ ನಾಳ, ಕತ್ತಲಾದಂತೆ ಹೆಚ್ಚುವ ಪರಿಮಳ ಇವೆಲ್ಲ ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಏರ್ಪಾಡು. ಪರಿಮಳದಲ್ಲಿ ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್ ಮೊದಲಾದ ರಾಸಾಯನಿಕಗಳಿವೆ. ಹೂವನ್ನು ಕಿತ್ತ ಮೇಲೂ ಅದು ಕೆಲವು ಗಂಟೆಗಳ ಕಾಲ ಪರಿಮಳವನ್ನು ಉತ್ಪಾದಿಸುತ್ತಲೇ ಇರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಕಿತ್ತ ದುಂಡುಮಲ್ಲಿಗೆಯ ಮೊಗ್ಗು ಸಂಜೆಗೆ ಮುಡಿಯಲ್ಲಿ ಅರಳಿ ಘಮಘಮಿಸುವುದು ಇದರಿಂದಲೇ. ಹೂ ಬಿಡಿಸುವ ಕೆಲಸ ನಸುಕಿನಲ್ಲಿಯೇ ಆಗಬೇಕೆಂಬುದಕ್ಕೂ ಇದೇ ಕಾರಣ. ಬಿಸಿಲೇರಿದರೆ ಮೊಗ್ಗು ಸೊರಗುತ್ತದೆ, ಬೆಲೆಯೂ ಸೊರಗುತ್ತದೆ.

ಇನ್ನು ನೆಡುವ ಮಾತು. ತೆಲುಗಿನ ಆಡುನುಡಿಯಲ್ಲಿ ‘ಯಾಪ’ ಎಂದರೆ ಬೇವು. ‘ದಿನ್ನಿ’ ಎಂದರೆ ದಿಬ್ಬ. ನಮ್ಮ ಯಾಪಲದಿನ್ನಿಯ ಹೆಸರಿನಲ್ಲಿ ನನಗೆ ಈ ಎರಡು ಮಾತುಗಳೂ ಕೇಳಿಸುತ್ತವೆ. ಮಲ್ಲಿಗೆ ನೆಡುವವರಿಗೆ ಎರಡರಲ್ಲಿಯೂ ಪಾಠವಿದೆ. ಬೇವಿನ ನೆರಳು ನಮಗೆ ಹಿತ, ಮಲ್ಲಿಗೆಗೆ ಅಹಿತ. ಅದಕ್ಕೆ ದಿನವಿಡೀ ಬಿಸಿಲು ಬೇಕು. ದಿಬ್ಬವಾದರೋ ಒಳ್ಳೆಯದೇ, ಏಕೆಂದರೆ ನೀರು ನಿಲ್ಲದ ಜಾಗ ಮಲ್ಲಿಗೆಗೆ ಪ್ರಿಯ. ಮಸಾರಿ ಮಣ್ಣು ಒಗ್ಗುತ್ತದೆ. ಎರೆಮಣ್ಣಿನಲ್ಲಿ ನೆಡುವುದಾದರೆ ಒಂದೂವರೆ ಅಡಿ ಉದ್ದ ಅಗಲ ಆಳದ ತಗ್ಗು ತೆಗೆದು, ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವನ್ನು ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರ ಮಾಡಿ ನೆಡಬೇಕು. ಕಾಲುವೆಯ ನೀರು ಜಿನುಗಿ ಸವಳಾದ ನೆಲದಲ್ಲಿ ಮಲ್ಲಿಗೆ ಬಾಳದು. ಸುಣ್ಣದ ಅಂಶ ಹೆಚ್ಚಾದಲ್ಲಿ ಎಳೆಯ ಎಲೆಗಳು ಹಳದಿಯಾಗುತ್ತವೆ. ಇದು ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಹಸುರು ಮರಳುತ್ತದೆ. ಬಚ್ಚಲ ನೀರನ್ನು ಬಿಡಬಹುದೇ ಎಂದರೆ, ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಆಗಬಹುದು. ಬಟ್ಟೆ ಒಗೆದ ಸೋಡಾ ನೀರು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಸವರುವಿಕೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ವರ್ಷಕ್ಕೊಮ್ಮೆ ನೀರನ್ನು ಕೆಲವು ದಿನ ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಗಿಡವನ್ನು ಕತ್ತರಿಸಬೇಕು: ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಗೆ, ಜಾಜಿ ಮತ್ತು ಸೂಜಿಮಲ್ಲಿಗೆಗಳನ್ನು ಜನವರಿಯಲ್ಲಿ. ಬೆಳೆದ ಗಿಡಕ್ಕೆ ಕತ್ತರಿ ಹಾಕಲು ನಮ್ಮ ಹಿರಿಯರ ಮನಸ್ಸು ಒಪ್ಪುವುದಿಲ್ಲ. ಆದರೆ ಸವರದ ಗಿಡ ಎಲೆಯನ್ನು ಕೊಡುತ್ತದೆಯೇ ಹೊರತು ಹೂವನ್ನಲ್ಲ. ಬಿರುಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ ಕಂಡರೆ ಎಲೆಗಳ ಕೆಳಮೈಗೆ ತಾಗುವಂತೆ ನೀರು ಎರಚಬೇಕು; ಮೊಗ್ಗನ್ನು ಹುಳು ಕೊರೆದಿದ್ದರೆ ಅಂಥ ಮೊಗ್ಗುಗಳನ್ನು ಆರಿಸಿ ನಾಶಮಾಡಬೇಕು.

ಹಾಗಾದರೆ ಯಾವುದನ್ನು ನೆಡಬೇಕು? ಒಂದೇ ಗಿಡಕ್ಕೆ ಜಾಗವಿದ್ದರೆ ದುಂಡುಮಲ್ಲಿಗೆ. ಎರಡಕ್ಕಿದ್ದರೆ ಜೊತೆಗೆ ಸೂಜಿಮಲ್ಲಿಗೆ. ಚಪ್ಪರವಿದ್ದರೆ ಜಾಜಿ. ನೀರು ತೀರ ಕಡಿಮೆಯಿದ್ದರೆ, ಪರಿಮಳದ ಆಸೆ ಬಿಟ್ಟು, ಕಾಕಡ. ನಾಲ್ಕನ್ನೂ ನೆಟ್ಟರೆ ವರ್ಷದ ಬಹುಪಾಲು ತಿಂಗಳುಗಳಲ್ಲಿ ಮನೆಯಲ್ಲಿ ಬಿಳಿಯ ಹೂವಿರುತ್ತದೆ. ನಮ್ಮ ಕಾಲೇಜಿನ ಅಂಗಳದಲ್ಲಿಯೂ ಈ ನಾಲ್ಕನ್ನು ಸಾಲಾಗಿ ನೆಟ್ಟು, ಒಂದೊಂದರ ಮುಂದೆ ಹೆಸರಿನ ಫಲಕವಿಟ್ಟರೆ ವಿದ್ಯಾರ್ಥಿಗಳು ಎಲೆಯನ್ನು ನೋಡಿ ಗಿಡವನ್ನು ಗುರುತಿಸಲು ಕಲಿತಾರು. ಸವರಿದಾಗ ದೊರೆಯುವ ಕಡ್ಡಿಗಳನ್ನು ತಂತಮ್ಮ ಊರುಗಳಿಗೆ ಒಯ್ದಾರು. ಅಧ್ಯಾಪಕ ವರ್ಗದವರು ಇದನ್ನು ಪರಿಶೀಲಿಸಬೇಕೆಂದು ವಿನಂತಿ. ತಗ್ಗು ತೋಡುವ ಕೆಲಸಕ್ಕೆ ನಾನಿದ್ದೇನೆ.