ಉಪ್ಪು ಹಾಕು, ಬೀಗ ಹಾಕು, ಲೆಕ್ಕ ಹಾಕು: ಸ್ಪ್ಯಾನಿಷ್‌ನ ‘ಎಚಾರ್’

ಸಾರಿಗೆ ಉಪ್ಪು ಹಾಕುತ್ತೇವೆ. ಬಾಗಿಲಿಗೆ ಬೀಗ ಹಾಕುತ್ತೇವೆ. ಸ್ಕೂಟರಿಗೆ ಪೆಟ್ರೋಲು ಹಾಕಿಸುತ್ತೇವೆ. ತಿಂಗಳ ಕೊನೆಗೆ ಖರ್ಚಿನ ಲೆಕ್ಕ ಹಾಕುತ್ತೇವೆ. ಉತ್ತರಹಳ್ಳಿಗೂ ಕೋಣನಕುಂಟೆಗೂ ನಡುವಿನ ಸುಬ್ರಹ್ಮಣ್ಯಪುರದಲ್ಲಿ ಯಾವ ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೂ ಈ ಮಾತುಗಳು ಕಿವಿಗೆ ಬೀಳುತ್ತವೆ. ಈ ನಾಲ್ಕೂ ಕೆಲಸಗಳಿಗೆ ಸ್ಪ್ಯಾನಿಷ್ ಮಾತಾಡುವವರೂ ಒಂದೇ ಕ್ರಿಯಾಪದ ಇಟ್ಟುಕೊಂಡಿದ್ದಾರೆ: ‘ಎಚಾರ್’. ಉಪ್ಪು ಹಾಕುವುದು ‘ಎಚಾರ್ ಸಾಲ್’, ಬೀಗ ಹಾಕುವುದು ‘ಎಚಾರ್ ಲಾ ಯಾವೆ’, ಪೆಟ್ರೋಲು ಹಾಕುವುದು ‘ಎಚಾರ್ ಗಾಸೊಲೀನಾ’, ಲೆಕ್ಕ ಹಾಕುವುದು ‘ಎಚಾರ್ ಕ್ವೆಂತಾಸ್’.

ಆದರೆ ನಮ್ಮ ಊರಲ್ಲಿ ಸ್ಪ್ಯಾನಿಷ್ ಕಲಿಯುವವರ ಕೈಗೆ ಸಿಗುವುದು ಇಂಗ್ಲಿಷ್ ಅರ್ಥಕೋಶ. ಅದರಲ್ಲಿ ಈ ಪದದ ಎದುರಿಗೆ ಮೊದಲು ಬರುವ ಅರ್ಥ ‘ಎಸೆ’. ಉಪ್ಪನ್ನು ಎಸೆಯುವುದು, ಬೀಗವನ್ನು ಎಸೆಯುವುದು ಎಂದರೇನು ಎಂದು ಕಲಿಯುವವರು ತಬ್ಬಿಬ್ಬಾಗುತ್ತಾರೆ. ಇಂಗ್ಲಿಷಿನಲ್ಲಿ ಉಪ್ಪಿಗೊಂದು, ಬೀಗಕ್ಕೊಂದು, ಪೆಟ್ರೋಲಿಗೊಂದು, ಲೆಕ್ಕಕ್ಕೊಂದು ಬೇರೆ ಬೇರೆ ಕ್ರಿಯಾಪದ ಬೇಕು. ಹಾಗಾಗಿ ಇಂಗ್ಲಿಷ್ ಮೂಲಕ ಕಲಿತವರಿಗೆ ಎಚಾರ್ ಎಂದರೆ ಹತ್ತಾರು ಅರ್ಥಗಳ ಉದ್ದನೆಯ ಪಟ್ಟಿ, ಉರು ಹೊಡೆಯಬೇಕಾದ ಪಾಠ. ಅದೇ ಪಟ್ಟಿಯನ್ನು ಕನ್ನಡ ಬಲ್ಲವರ ಮುಂದಿಟ್ಟರೆ ಅರ್ಧಕ್ಕರ್ಧ ಅವರಿಗೆ ಆಗಲೇ ಗೊತ್ತು. ಸ್ಪ್ಯಾನಿಷ್ ಪಾಠಕ್ಕೆ ಕೂತ ಕನ್ನಡಿಗರು ಇಂಗ್ಲಿಷನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮನೆಮಾತಿನ ಕಡೆ ತಿರುಗಬೇಕು ಎಂದು ನಾನು ಒತ್ತಾಯದಿಂದ ಹೇಳುವುದು ಇದಕ್ಕೇ.

ಕಲಿಯುವವರಂತೂ ಹೆಚ್ಚುತ್ತಿದ್ದಾರೆ. ಸುಮಾರು 20 ದೇಶಗಳ ಅಧಿಕೃತ ಭಾಷೆ ಸ್ಪ್ಯಾನಿಷ್. ಮೆಕ್ಸಿಕೊ, ಕೊಲಂಬಿಯ, ಸ್ಪೇನ್‌ಗಳ ಗ್ರಾಹಕರ ಜೊತೆ ವ್ಯವಹರಿಸುವ ಕಂಪನಿಗಳು ಬೆಂಗಳೂರಿನಲ್ಲಿವೆ. ಕೋಣನಕುಂಟೆ ಕ್ರಾಸಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾದರೆ ಸೆಂಟ್ರಲ್ ಕಾಲೇಜು. ಅಲ್ಲಿರುವ ನಗರ ವಿಶ್ವವಿದ್ಯಾಲಯದ ಜಾಗತಿಕ ಭಾಷೆಗಳ ಕೇಂದ್ರದಲ್ಲಿ ಸ್ಪ್ಯಾನಿಷ್ ಕೂಡ ಕಲಿಸುತ್ತಾರೆ. ಸ್ಪೇನ್ ಸರ್ಕಾರದ ಮಾನ್ಯತೆಯುಳ್ಳ ‘ದೇಲೆ’ ಪರೀಕ್ಷೆಯನ್ನು 1991ರಲ್ಲಿ ಹುಟ್ಟಿದ ಸೆರ್ವಾಂತೆಸ್ ಸಂಸ್ಥೆ ನಡೆಸುತ್ತದೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲಿ ಸ್ಪೇನ್‌ನ ಕಾನ್ಸುಲೇಟ್ ತೆರೆಯುವ ತೀರ್ಮಾನವೂ ಹೊರಬಿತ್ತು. ನಮ್ಮ ಗಡಿಯಾಚೆಯ ಅನಂತಪುರದಲ್ಲಿ ಈ ನಂಟು ಇನ್ನೂ ಹಳೆಯದು. ಬಾರ್ಸೆಲೋನದಲ್ಲಿ ಹುಟ್ಟಿದ ವಿಸೆಂತೆ ಫೆರ್ರೆರ್ 1969ರಲ್ಲಿ ಅಲ್ಲಿಗೆ ಬಂದು ಆ ಬರದ ಸೀಮೆಯಲ್ಲಿ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಸಂಸ್ಥೆಗೆ ಸ್ಪೇನ್‌ನ ಸಾಮಾನ್ಯ ಕುಟುಂಬಗಳು ಹಣ ಕಳಿಸುತ್ತ ಬಂದಿವೆ. ಹಳ್ಳಿಯ ಯುವಕ ಯುವತಿಯರು ಅಲ್ಲಿ ಸ್ಪ್ಯಾನಿಷ್ ಕಲಿತು ಕೆಲಸ ಹಿಡಿದಿದ್ದಾರೆ.

ಎಚಾರ್‌ಗೆ ಮರಳೋಣ. ಅದರ ಮೂಲ ಲ್ಯಾಟಿನ್, ಮೂಲಾರ್ಥ ಎಸೆಯುವುದೇ. ನಮ್ಮ ‘ಹಾಕು’ವಿನ ಹಳೆಯ ರೂಪ ‘ಹಾಯ್ಕು’ ಕುಮಾರವ್ಯಾಸನಲ್ಲಿ ಸಿಗುತ್ತದೆ, ಅಲ್ಲಿಯೂ ಎಸೆಯುವ ಅರ್ಥ ಜೀವಂತವಾಗಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪದಗಳು ಎಸೆತದಿಂದ ಹೊರಟು ಸುರಿಯುವುದು, ಸೇರಿಸುವುದು, ಮುಚ್ಚುವುದು, ಎಣಿಸುವುದು ಎಂದು ಒಂದೇ ದಾರಿ ಹಿಡಿದಿವೆ. ಹಡಗಿಗೆ ಲಂಗರು ಹಾಕುವುದೂ ‘ಎಚಾರ್ ಎಲ್ ಆಂಕ್ಲಾ’ ಎಂದು ಮೊದಲ ಸಲ ಓದಿದಾಗ ನನಗಾದ ಸಂತೋಷ ದೊಡ್ಡದು. ಟಪಾಲು ಡಬ್ಬಿಗೆ ಕಾಗದ ಹಾಕುವುದಕ್ಕೆ ಅದೇ. ಟಿವಿಯಲ್ಲಿ ಒಳ್ಳೆಯ ಸಿನಿಮಾ ಹಾಕಿದ್ದಾರೆ ಎನ್ನಲು ಸ್ಪೇನ್‌ನಲ್ಲಿ ಅದೇ. ಮನೆಯಿಂದ ಹೊರಹಾಕಿದರು, ಕೆಲಸದಿಂದ ತೆಗೆದುಹಾಕಿದರು ಎನ್ನಲೂ ಅದೇ. ‘ಕ್ವಾಂತೋಸ್ ಆನ್ಯೋಸ್ ಮೆ ಎಚಾಸ್?’ ಎಂದು ಯಾರಾದರೂ ಕೇಳಿದರೆ, ನನಗೆ ಎಷ್ಟು ವಯಸ್ಸಿರಬಹುದು ಅಂದಾಜು ಹಾಕು ಎಂದರ್ಥ. ಮೆಕ್ಸಿಕೊದವರು ಹುರಿದುಂಬಿಸಲು ‘ಎಚಲೆ ಗಾನಾಸ್’ ಎನ್ನುತ್ತಾರೆ. ನಮ್ಮ ಹುಡುಗರು ‘ಎಫರ್ಟ್ ಹಾಕು ಗುರು’ ಎನ್ನುವುದಿಲ್ಲವೇ, ಅದು.

ವ್ಯಾಕರಣವೂ ಹತ್ತಿರದ್ದು. ‘ಹಾಕುತ್ತೇನೆ’ ಎಂದಾಗ ‘ನಾನು’ ಹೇಳದಿದ್ದರೂ ನಡೆಯುತ್ತದೆ, ‘ಎಚೊ’ ಎಂದರೂ ಸಾಕು. ‘ಸೂಪಿಗೆ ಉಪ್ಪು ಹಾಕು’ ಎನ್ನಲು ‘ಎಚಲೆ ಸಾಲ್ ಆ ಲಾ ಸೋಪಾ’. ನಮ್ಮ ‘-ಗೆ’ ಮಾಡುವ ಕೆಲಸವನ್ನು ಅಲ್ಲಿ ‘ಆ’ ಮಾಡುತ್ತದೆ. ಇನ್ನು ‘ಸೆ’ ಎಂಬ ಪುಟ್ಟ ಪದಕ್ಕೆ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಣೆ ಕೊಡುತ್ತವೆ. ಕನ್ನಡದಲ್ಲಿ ಅದಕ್ಕೆ ‘ಕೊಳ್ಳು’ ಇದೆ. ಮುಖಕ್ಕೆ ಕ್ರೀಮು ಹಾಕಿಕೊಳ್ಳುವುದು ‘ಎಚಾರ್ಸೆ ಕ್ರೇಮಾ’. ಇನ್ನೊಬ್ಬರಿಗೆ ಹಾಕುವುದಕ್ಕೂ ತಾನೇ ಹಾಕಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಮೂರು ವರ್ಷದ ಕನ್ನಡದ ಮಗುವಿಗೂ ಗೊತ್ತು. ಉಚ್ಚಾರದಲ್ಲೂ ನಮಗೆ ಅನುಕೂಲ ಹೆಚ್ಚು. ಸ್ಪ್ಯಾನಿಷ್‌ನ ತ, ದಗಳು ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ ಹೇಳುವ ನಮ್ಮ ತ, ದಗಳೇ.

ಎಚಾರ್‌ನ ಇನ್ನೊಂದು ಮುಖ ‘ಬಿಡು’. ಗಿಡ ಬೇರು ಬಿಟ್ಟರೆ ‘ಎಚಾರ್ ರಾಯೀಸೆಸ್’, ಎಲೆ ಬಿಟ್ಟರೆ ‘ಎಚಾರ್ ಓಹಾಸ್’, ಲಾರಿ ಹೊಗೆ ಬಿಟ್ಟರೂ ಎಚಾರ್. ಒಂದು ಊರಿಗೆ ಬಂದು ನೆಲೆ ನಿಂತವರೂ ಅಲ್ಲಿ ಬೇರು ಬಿಡುತ್ತಾರೆ, ಆ ರೂಪಕವೂ ಎರಡು ಭಾಷೆಗಳಿಗೆ ಸಮಾನ. ಇದಕ್ಕಿಂತ ನನ್ನ ಮನಸ್ಸು ಸೆಳೆದದ್ದು ‘ಸೆ ಎಚೊ ಆ ಯೊರಾರ್’. ಪದಶಃ ಇದನ್ನು ಒಡೆಯಲು ಹೋದರೆ ಏನೂ ದಕ್ಕುವುದಿಲ್ಲ. ಕನ್ನಡದಲ್ಲಿ ಅದು ‘ಅತ್ತೇಬಿಟ್ಟಳು’. ತಡೆದಿಟ್ಟ ಅಳು ತಟ್ಟನೆ ಹೊರಬಿದ್ದುದನ್ನು ‘ಅಳಲು ಆರಂಭಿಸಿದಳು’ ಹೇಳಲಾರದು, ‘ಬಿಟ್ಟಳು’ ಹೇಳುತ್ತದೆ. ನಗುವಿಗೂ ಹಾಗೆಯೇ: ‘ಸೆ ಎಚೊ ಆ ರೆಯೀರ್’, ನಕ್ಕೇಬಿಟ್ಟಳು.

ಹಾಗೆಂದು ಎಲ್ಲ ‘ಹಾಕು’ವೂ ಎಚಾರ್ ಅಲ್ಲ. ಅಂಗಿ ಹಾಕಿಕೊಳ್ಳಲು, ಹಾಡು ಹಾಕಲು, ಫ್ಯಾನ್ ಹಾಕಲು ‘ಪೊನೆರ್’ ಬೇಕು. ನಮ್ಮ ಒಂದು ಪದದ ಹೊಲವನ್ನು ಅವರು ಇಬ್ಬರಿಗೆ ಪಾಲು ಮಾಡಿಕೊಟ್ಟಿದ್ದಾರೆ. ಕೈಯಿಂದ ಜಾರಿ ಸುರಿಯುವುದು, ಹರಿಯುವುದು, ಒಳಕ್ಕೋ ಹೊರಕ್ಕೋ ಸಾಗುವುದು ಬಹುಮಟ್ಟಿಗೆ ಎಚಾರ್ ಪಾಲಿಗೆ. ಒಂದು ಕಡೆ ಕೂರುವುದು, ಇರುವುದು, ಚಾಲೂ ಆಗುವುದು ಪೊನೆರ್ ಪಾಲಿಗೆ. ಇದು ಕಟ್ಟಾ ನಿಯಮವಲ್ಲ, ಆದರೆ ಮೊದಲ ಕೆಲವು ತಿಂಗಳಿಗೆ ದಾರಿ ತೋರಿಸುತ್ತದೆ. ಅನುಮಾನ ಬಂದಾಗ ಪೂರಾ ವಾಕ್ಯವನ್ನೇ ನೆನಪಿಟ್ಟುಕೊಳ್ಳುವುದು ಮೇಲು.

ಬರೆಯುವಾಗ ಒಂದು ಎಚ್ಚರ ಬೇಕು. ‘ಎಚೊ’ ಎಂಬುದನ್ನು ಮೊದಲಲ್ಲಿ ‘ಹೆಚ್’ ಅಕ್ಷರ ಇಟ್ಟು ಬರೆದರೆ ಅದು ‘ಮಾಡಿದ’ ಎಂಬ ಬೇರೆಯೇ ಪದ. ಸ್ಪ್ಯಾನಿಷ್‌ನಲ್ಲಿ ಆ ಅಕ್ಷರಕ್ಕೆ ಉಚ್ಚಾರವೇ ಇಲ್ಲದ್ದರಿಂದ ಎರಡೂ ಕಿವಿಗೆ ಒಂದೇ. ಸ್ಪೇನ್‌ನ ಶಾಲಾಮಕ್ಕಳೂ ಇಲ್ಲಿ ಎಡವುತ್ತಾರೆ. ಅಕಾರ ಹಕಾರಗಳ ತಕರಾರು ಕಂಡ ಹಳೇ ಮೈಸೂರು ಸೀಮೆಯ ಮೇಷ್ಟರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಎಚಾರ್‌ನ ಯಾವ ರೂಪದ ಮೊದಲಲ್ಲೂ ‘ಹೆಚ್’ ಇಲ್ಲ ಎಂದು ನೆನಪಿಟ್ಟರೆ ಸಾಕು.

ಕನ್ನಡದ ‘ಹಾಕು’ ಕೈಕೊಡುವ ಜಾಗವೂ ಇದೆ. ‘ತೆ ಎಚೊ ದೆ ಮೇನೊಸ್’ ಎಂದರೆ ನೀನಿಲ್ಲದೆ ಬೇಸರ, ನಿನ್ನ ನೆನಪು ಕಾಡುತ್ತಿದೆ ಎಂದು. ಇಲ್ಲಿ ಎಸೆತವೂ ಇಲ್ಲ, ಸುರಿತವೂ ಇಲ್ಲ. ವಿದ್ವಾಂಸರು ಇದರ ಮೂಲವನ್ನು ಪೋರ್ಚುಗೀಸಿನ ‘ಅಶಾರ್ ಮೆನುಸ್’ನಲ್ಲಿ ಗುರುತಿಸುತ್ತಾರೆ. ಆ ‘ಅಶಾರ್’ಗೆ ಕಂಡುಕೊಳ್ಳು ಎಂದರ್ಥ, ನೋಡಿದಾಗ ಒಂದು ಕಡಿಮೆಯಿದೆ ಎಂದು ಕಂಡುಬರುವುದು ಎಂಬುದೇ ಹುರುಳು. ಸ್ಪೇನ್‌ಗೆ ಬಂದಾಗ ಕೇಳಲು ಹತ್ತಿರದ ಎಚಾರ್ ಆ ಜಾಗದಲ್ಲಿ ಕೂತುಬಿಟ್ಟಿತು. ಇದನ್ನು ಬಿಡಿಸಲು ಹೋಗದೆ ಇಡಿಯಾಗಿ ಕಲಿಯಬೇಕು. ಅದನ್ನೂ ಸ್ಪೇನ್‌ನವರ ಜೊತೆ ಆಡಿದರೆ ಚೆಂದ. ಮೆಕ್ಸಿಕೊ, ಕೊಲಂಬಿಯದವರ ಜೊತೆ ದಿನವೂ ಫೋನಿನಲ್ಲಿ ಮಾತಾಡುವವರು ‘ತೆ ಎಸ್ತ್ರಾನ್ಯೊ’ ಎನ್ನುವುದನ್ನು ರೂಢಿಸಿಕೊಳ್ಳಲಿ, ಅಲ್ಲಿ ಜನ ಹೆಚ್ಚಾಗಿ ಆಡುವುದು ಅದನ್ನೇ.