ತಿರುಗದ ಕಂಪ್ರೆಸರ್

ಹಳೆಯ ಮೋಟಾರು ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬರುವವರನ್ನು ನೀವು ಕಂಡಿರಬಹುದು. ಅವರ ಮಾತಿನಲ್ಲಿ ಎಂಜಿನ್ನಿನ ಕಥೆ ಬರುತ್ತದೆ, ಬಣ್ಣದ ಕಥೆ ಬರುತ್ತದೆ; ಗಾಡಿಯೊಳಗಣ ಹವಾನಿಯಂತ್ರಣದ ಕಥೆ ಬರುವುದು ಅದು ಕೆಟ್ಟು ನಿಂತಾಗ ಮಾತ್ರ. ಮೆಕ್ಯಾನಿಕ್ಕುಗಳು ಇದನ್ನು ‘ಕಂಪ್ರೆಸರ್ ಜಾಮ್ ಆಗಿದೆ’ ಎಂದೋ ‘ಸೀಜ್ ಆಗಿದೆ’ ಎಂದೋ ಕರೆಯುತ್ತಾರೆ. ಈ ಜಡತ್ವ ಏಕೆ ಬರುತ್ತದೆ, ಬಂದಾಗ ಏನು ಮಾಡಬೇಕು ಎಂಬುದನ್ನು ಇಂದು ವಿವರಿಸಲು ಯತ್ನಿಸುತ್ತೇನೆ.

ಅಮೆರಿಕದ ಪ್ಯಾಕರ್ಡ್ ಕಂಪನಿಯು ತನ್ನ 1940ರ ಮಾದರಿಗಳಿಗೆ ಕಾರ್ಖಾನೆಯಿಂದಲೇ ತಂಪುಯಂತ್ರವನ್ನು ಒದಗಿಸತೊಡಗಿತು. ಅದರಲ್ಲಿ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ತಂಪು ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಬೆಲ್ಟನ್ನೇ ಕಳಚಬೇಕಾಗಿತ್ತು! ಮುಂದೆ ವಿದ್ಯುತ್ಕಾಂತದ ಕ್ಲಚ್ ಬಂದು ಈ ಕಷ್ಟ ತಪ್ಪಿತು. ನಾನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಜನರಲ್ ಮೋಟಾರ್ಸ್ 1962ರಲ್ಲಿ ಬಳಕೆಗೆ ತಂದ ಫ್ರಿಜಿಡೇರ್ ಎ-6 ಎಂಬುದನ್ನು. ತೂಕ 15 ಕಿಲೋಗ್ರಾಮಿಗೂ ಹೆಚ್ಚು. ಒಳಗೆ ಎರಡು ತಲೆಯ ಮೂರು ಪಿಸ್ಟನ್ನುಗಳು ಆರು ಸಿಲಿಂಡರುಗಳ ಕೆಲಸ ಮಾಡುತ್ತವೆ. ಆ ಕಾಲದ ಅನೇಕ ಕ್ಯಾಡಿಲಾಕ್, ಷೆವರ್ಲೆ ಗಾಡಿಗಳಲ್ಲಿ ಇದೇ ಇತ್ತು.

ಇದರ ಪ್ರಾಣ ಇರುವುದು ಎಣ್ಣೆಯಲ್ಲಿ. ಸುಮಾರು 300 ಮಿಲಿಲೀಟರ್ ಖನಿಜ ತೈಲ. ಅದರಲ್ಲಿ ಒಂದು ಪಾಲು ತಂಪುಗ್ಯಾಸಿನೊಡನೆ ಬೆರೆತು ಕೊಳವೆಗಳಲ್ಲೆಲ್ಲ ಸುತ್ತಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಗಾಡಿಯನ್ನು ವರ್ಷಗಟ್ಟಲೆ ಓಡಿಸದೆ ಇಟ್ಟರೆ ದಂಡದ ಮುದ್ರೆ ಒಣಗಿ ಗ್ಯಾಸ್ ಸೋರುತ್ತದೆ. ಗ್ಯಾಸ್ ಕಡಮೆಯಾದರೆ ಎಣ್ಣೆ ಹಿಂದಿರುಗುವುದಿಲ್ಲ. ಆ ಸ್ಥಿತಿಯಲ್ಲೇ ಓಡಿಸಿದರೆ ಲೋಹಕ್ಕೆ ಲೋಹ ಉಜ್ಜಿ ಕಚ್ಚಿಕೊಳ್ಳುತ್ತದೆ. ಸೋರಿದ ದಾರಿಯಲ್ಲೇ ತೇವವೂ ಒಳಹೊಕ್ಕು ಆಮ್ಲವನ್ನೂ ತುಕ್ಕನ್ನೂ ಹುಟ್ಟಿಸುತ್ತದೆ.

ಬೆಲ್ಟ್ ಕಿರುಚಿ ಹೊಗೆ ಬಂದಿತೆಂದ ಮಾತ್ರಕ್ಕೆ ಕಂಪ್ರೆಸರ್ ಸತ್ತಿತೆಂದು ತಿಳಿಯಬೇಕಾಗಿಲ್ಲ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಡಿಸಿ, ಬೆಲ್ಟನ್ನು ಕಳಚಿರಿ. ಮೊದಲು ಪುಲ್ಲಿಯನ್ನು ತಿರುಗಿಸಿರಿ. ಕ್ಲಚ್ ಹಿಡಿಯದಿರುವಾಗ ಅದು ಸರಾಗವಾಗಿ ತಿರುಗಬೇಕು. ತಿರುಗದಿದ್ದರೆ ದೋಷ ಅದರ ಬೇರಿಂಗಿನಲ್ಲಿರಬಹುದು, ಕಂಪ್ರೆಸರ್ ಚೆನ್ನಾಗಿಯೇ ಇರಬಹುದು. ಇಂಥ ಸಂದರ್ಭದಲ್ಲಿ ಇಡೀ ಯಂತ್ರವನ್ನು ಎಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಅನಂತರ ಕ್ಲಚ್ಚಿನ ಮುಂಭಾಗದ ತಟ್ಟೆಯನ್ನು ತಿರುಗಿಸಿರಿ. ದಂಡಕ್ಕೆ ಕೂಡಿಕೊಂಡಿರುವುದು ಈ ತಟ್ಟೆ. ಇದು ಅಲುಗದಿದ್ದರೆ ಕಂಪ್ರೆಸರ್ ಹಿಡಿದುಕೊಂಡಿದೆ ಎಂದೇ ಅರ್ಥ.

ಗ್ಯಾಸನ್ನು ತಕ್ಕ ಯಂತ್ರದಿಂದ ಹೀರಿ ತೆಗೆಸಿದ ಮೇಲೆ ಒಳಗಿನ ಎಣ್ಣೆಯನ್ನು ಬಸಿದು ನೋಡಬೇಕು. ಎಣ್ಣೆ ತಿಳಿಯಾಗಿದ್ದು, ಗಾಡಿ ಬಹುಕಾಲ ನಿಂತಿದ್ದರಿಂದಷ್ಟೇ ಅಂಟಿಕೊಂಡಿದ್ದರೆ, ಹೊಸ ಎಣ್ಣೆ ಹೊಯ್ದು ಒಂದು ದಿನ ನೆನೆಯಬಿಟ್ಟು ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಿಸಬಹುದು. ಸುತ್ತಿಗೆ ಸಲ್ಲದು; ಎಂಜಿನ್ನಿನ ಬಲದಿಂದ ಬಿಡಿಸಲು ಹೋಗುವುದಂತೂ ಸಲ್ಲವೇ ಸಲ್ಲದು. ಎಣ್ಣೆ ಬೂದುಬಣ್ಣಕ್ಕೆ ತಿರುಗಿ ಲೋಹದ ಹುಡಿ ಮಿನುಗುತ್ತಿದ್ದರೆ ಆ ಆಸೆ ಬಿಡಬೇಕು.

ಇಲ್ಲಿ ಅನೇಕರು ಎಡವುತ್ತಾರೆ. ಪುನರ್ನಿರ್ಮಿಸಿದ ಕಂಪ್ರೆಸರನ್ನು ದುಬಾರಿ ಬೆಲೆಗೆ ತಂದು ಕೂಡಿಸಿಬಿಡುತ್ತಾರೆ. ಹಳೆಯದರ ಹುಡಿ ಕೊಳವೆಗಳಲ್ಲಿ ಕಾದು ಕುಳಿತಿದ್ದು, ಹೊಸದನ್ನೂ ಅದೇ ಗತಿಗೆ ಒಯ್ಯುತ್ತದೆ. ಆದ್ದರಿಂದ ಕಂಡೆನ್ಸರನ್ನೂ ಕೊಳವೆಗಳನ್ನೂ ತೊಳೆಯಬೇಕು. ತೇವ ಹೀರುವ ಡ್ರೈಯರನ್ನು ಬದಲಿಸಲೇಬೇಕು. ಎಕ್ಸ್‌ಪಾನ್ಷನ್ ವಾಲ್ವನ್ನು ಪರೀಕ್ಷಿಸಬೇಕು. ಕೊನೆಗೆ ನಿರ್ವಾತ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಸೆಳೆದು ತೆಗೆಯಬೇಕು.

ಉಳಿದದ್ದು ಗ್ಯಾಸಿನ ಪ್ರಶ್ನೆ. ಈ ಗಾಡಿಗಳದು ಆರ್-12. ಇಂಥ ಅನಿಲಗಳು ಓಝೋನ್ ಪದರವನ್ನು ಸವೆಸಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲಂಡ್ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1995ರ ಕೊನೆಗೆ ಅಮೆರಿಕದಲ್ಲಿ ಅದರ ತಯಾರಿಕೆ ನಿಂತಿತು. ಬದಲಿಗೆ ಬಂದ ಆರ್-134ಎ ಹಳೆಯ ಖನಿಜ ತೈಲದೊಡನೆ ಬೆರೆಯದು. ಅದಕ್ಕೆ ಒಗ್ಗುವ ಎಸ್ಟರ್ ಎಣ್ಣೆಯನ್ನೋ ಪಿಎಜಿ ಎಣ್ಣೆಯನ್ನೋ ಹಾಕದಿದ್ದರೆ ಮತ್ತೆ ಅದೇ ಕಥೆ. ಅದು ಓಝೋನಿಗೆ ಕೆಡುಕು ಮಾಡದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುವಂಥದು. ಎರಡರಲ್ಲಿ ಯಾವುದನ್ನೂ ಗಾಳಿಗೆ ಬಿಡಬಾರದು. ನಮ್ಮೊಬ್ಬರ ತಂಪಿಗಾಗಿ ಎಲ್ಲರ ಆಕಾಶವನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲವೆಂದು ನಾನು ನಂಬಿದ್ದೇನೆ.

ಮೂಲರೂಪವನ್ನು ಉಳಿಸಬೇಕೆನ್ನುವವರು ಎ-6ನ್ನೇ ದುರಸ್ತಿ ಮಾಡಿಸುತ್ತಾರೆ. ಹಗುರವಾದ ಹೊಸ ಕಂಪ್ರೆಸರನ್ನು ಹೊಂದಿಸಿಕೊಳ್ಳುವವರೂ ಇದ್ದಾರೆ. ಎರಡನ್ನೂ ನಾನು ತಪ್ಪೆನ್ನಲಾರೆ. ಯಾವುದೇ ಇರಲಿ, ಗ್ಯಾಸ್ ಸರಿಯಾಗಿರುವಾಗ ತಿಂಗಳಿಗೊಮ್ಮೆ ಹತ್ತು ನಿಮಿಷ ಅದನ್ನು ಓಡಿಸಿರಿ. ಎಣ್ಣೆ ಮುದ್ರೆಯನ್ನು ಮುಟ್ಟಿ ಹಸಿಯಾಗಿಡುತ್ತದೆ. ಬಳಸದೆ ಜೋಪಾನ ಮಾಡಿದ್ದಕ್ಕಿಂತ ಮಿತವಾಗಿ ಬಳಸಿದ್ದೇ ಹೆಚ್ಚು ಕಾಲ ಬಾಳುತ್ತದೆ.